ಕಲಿಯುವಷ್ಟರಲ್ಲಿ ಮುಗಿಯುವ ಅಧ್ಯಕ್ಷಗಿರಿ: ಪಂಚಾಯಿತಿ ಮಹಿಳಾ ಮೀಸಲಾತಿ ನಡೆದು ಬಂದ ದಾರಿ

ಗ್ರಾಮ ಪಂಚಾಯಿತಿ ಚುನಾವಣೆ ಹತ್ತಿರವಾದಾಗಲೆಲ್ಲ ಒಂದು ಮಾತು ಕಟ್ಟೆ ಮೇಲೆ ಬಂದು ಕೂರುತ್ತದೆ. ‘ಮಹಿಳೆಗೆ ಮೀಸಲು ಅಂದರೆ ಗಂಡನಿಗೆ ಮೀಸಲು, ಅಷ್ಟೇ’ ಅನ್ನುವವರು ಒಂದು ಕಡೆ. ‘ಅರ್ಧಕ್ಕರ್ಧ ಹೆಣ್ಣುಮಕ್ಕಳು ಬಂದಾಯಿತಲ್ಲ, ಇನ್ನೇನು ಬೇಕು’ ಅನ್ನುವವರು ಇನ್ನೊಂದು ಕಡೆ. ನಡುವೆ ಶೇ 25, ಶೇ 33, ಶೇ 50 ಎಂಬ ಅಂಕಿಗಳು. 30 ತಿಂಗಳು, 5 ವರ್ಷ ಎಂಬ ಅವಧಿಗಳು. ಪಂಚಾಯಿತಿಯ ಮೀಸಲಾತಿ ಯಾವುದು, ಸಂಸತ್ತಿನದು ಯಾವುದು ಎಂಬ ಗೊಂದಲ. ಈ ಗಂಟನ್ನು ಬಿಚ್ಚಬೇಕಾದರೆ ಹಿಂದಿನಿಂದಲೇ ಬರಬೇಕು.

ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಮೂರು ದಶಕದ ಕತೆ ಚಿಕ್ಕದು. 1957ರಲ್ಲಿ ಪಂಚಾಯಿತಿ ವ್ಯವಸ್ಥೆಯ ಬಗ್ಗೆ ಸಲಹೆ ಕೊಟ್ಟ ಬಲವಂತರಾಯ್ ಮೆಹ್ತಾ ಸಮಿತಿ, ಚುನಾಯಿತ ಸದಸ್ಯರು ಇಬ್ಬರು ಹೆಂಗಸರನ್ನು ತಾವೇ ಆರಿಸಿ ಜೊತೆಗೆ ಸೇರಿಸಿಕೊಳ್ಳಲಿ ಎಂದಿತು. ಹಾಗೆ ಸೇರಿಕೊಂಡವರು ಬಹುಮಟ್ಟಿಗೆ ಊರಿನ ದೊಡ್ಡ ಮನೆಗಳವರು. 1974ರಲ್ಲಿ ದೇಶದ ಮಹಿಳೆಯರ ಸ್ಥಿತಿಗತಿ ಕುರಿತ ಸಮಿತಿ ಹಳ್ಳಿಗಳಲ್ಲಿ ಮಹಿಳಾ ಪಂಚಾಯಿತಿಗಳೇ ಇರಲಿ ಎಂದು ಶಿಫಾರಸು ಮಾಡಿತು. ಅದು ಕಾಗದದಲ್ಲೇ ಉಳಿಯಿತು.

ಕರ್ನಾಟಕ ತನ್ನದೇ ಕಾನೂನು ಹೊಸೆದದ್ದು 1983ರಲ್ಲಿ. ಆಗ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಅಬ್ದುಲ್ ನಜೀರ್ ಸಾಬ್ ಅವರದು. ಊರೂರಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಅವರು ಜಿಲ್ಲಾ ಪರಿಷತ್ತು ಮತ್ತು ಹಲವು ಹಳ್ಳಿಗಳನ್ನು ಸೇರಿಸಿದ ಮಂಡಲ ಪಂಚಾಯಿತಿಗಳ ಕಾನೂನು ತಂದರು. ಅದರಲ್ಲಿ ಹೆಣ್ಣುಮಕ್ಕಳಿಗೆ ಶೇ 25ರಷ್ಟು ಸ್ಥಾನ. ರಾಷ್ಟ್ರಪತಿ ಅಂಕಿತ ಬೀಳಲು ಎರಡು ವರ್ಷ ಹಿಡಿಯಿತು. 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ಸುಮಾರು 14 ಸಾವಿರ ಹೆಣ್ಣುಮಕ್ಕಳು ಮಂಡಲ ಪಂಚಾಯಿತಿಗಳಿಗೆ ಬಂದರು. ದೇಶಕ್ಕೆಲ್ಲ ಅನ್ವಯವಾಗುವ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾಗುವುದಕ್ಕೆ ಆರು ವರ್ಷ ಮುಂಚಿನ ಮಾತಿದು. ನಜೀರ್ ಸಾಬ್ ಮರುವರ್ಷವೇ, 1988ರಲ್ಲಿ ತೀರಿಕೊಂಡರು. ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ಇವತ್ತಿಗೂ ಅವರ ಹೆಸರಿದೆ.

ಆ 14 ಸಾವಿರ ಮಂದಿ ಏನಾದರು ಎಂದು ಕೇಳುವವರು ಕಡಿಮೆ. ಮಂಡಲ ಪಂಚಾಯಿತಿಯ ಮುಖ್ಯಸ್ಥರಾದ ಪ್ರಧಾನರ ಹುದ್ದೆಗೆ ಹೆಣ್ಣುಮಕ್ಕಳ ಮೀಸಲು ಇರಲಿಲ್ಲ. ಸದಸ್ಯೆಯರಾಗಿ ಐದು ವರ್ಷ ಕೂತರು, ನೋಡಿದರು, ಒಂದಿಷ್ಟು ಕಲಿತರು. 1992ರ ಆರಂಭದಲ್ಲಿ ಅವಧಿ ಮುಗಿಯಿತು. ಹೊಸ ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಮುಂದಿನ ಚುನಾವಣೆ ನಡೆದದ್ದು 1993ರ ಕೊನೆಗೆ, ಬೇರೆ ಕಾನೂನಿನಡಿ, ಬೇರೆ ಗಡಿಗಳ ಗ್ರಾಮ ಪಂಚಾಯಿತಿಗಳಿಗೆ. ಕಲಿತ ಮೊದಲ ತಂಡ ಹೀಗೆ ಚದುರಿತು. ಮುಂದೆ ಮತ್ತೆ ಮತ್ತೆ ಆಗಿದ್ದೂ ಇದೇ.

1993ರ ಏಪ್ರಿಲ್ 24ರಂದು 73ನೇ ತಿದ್ದುಪಡಿ ಜಾರಿಗೆ ಬಂತು, ಮರುತಿಂಗಳು ನಮ್ಮ ರಾಜ್ಯದ ಪಂಚಾಯತ್ ರಾಜ್ ಅಧಿನಿಯಮ. ಸದಸ್ಯತ್ವದಲ್ಲಿ ಮೂರನೇ ಒಂದು ಪಾಲಿನ ಜೊತೆಗೆ ಅಧ್ಯಕ್ಷ ಹುದ್ದೆಗಳಲ್ಲೂ ಮೂರನೇ ಒಂದು ಪಾಲು ಹೆಣ್ಣುಮಕ್ಕಳದಾಯಿತು. ದೊಡ್ಡ ಬದಲಾವಣೆ ಇದ್ದದ್ದು ಈ ಎರಡನೆಯದರಲ್ಲಿ. ಸದಸ್ಯೆ ಸುಮ್ಮನೆ ಕೂತರೂ ಸಭೆ ನಡೆಯುತ್ತದೆ. ಅಧ್ಯಕ್ಷೆಯ ಸಹಿ ಇಲ್ಲದೆ ಚೆಕ್ ಪಾಸಾಗದು.

ನಾನು ತರಬೇತಿಯ ಕೆಲಸಕ್ಕೆ ಸೇರಿದ್ದು ಆ ದಶಕದ ಕೊನೆಗೆ, ಆಗಿನ ಬಿಜಾಪುರ ಜಿಲ್ಲೆಯಲ್ಲಿ. ಮೂರು ದಿನದ ಶಿಬಿರ, ತಾಲ್ಲೂಕು ಊರಿನ ಯಾವುದೋ ಕಲ್ಯಾಣ ಮಂಟಪ, ನೆಲಕ್ಕೆ ಹಾಸಿದ ಜಮಖಾನ. ಮೊದಲ ದಿನ ಮಾತಾಡುತ್ತಿದ್ದವರು ಹೊರಗೆ ಜೀಪಿನ ಹತ್ತಿರ ನಿಂತ ಗಂಡಂದಿರು, ಮೈದುನಂದಿರು. ಒಳಗೆ ಬರಬೇಡಿ ಎಂದು ಕೈಮುಗಿದು ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಕೂಸು ಎತ್ತಿಕೊಂಡು ಬಂದವರಿಗೆ ಮೂಲೆಯಲ್ಲಿ ಸೀರೆ ಕಟ್ಟಿ ಜೋಳಿಗೆ ಮಾಡಿಕೊಡುತ್ತಿದ್ದೆವು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಮಾತು ಹೊರಡುತ್ತಿತ್ತು.

ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾದ ಸ್ಥಾನದಿಂದ ಅಧ್ಯಕ್ಷೆಯಾದ ಒಬ್ಬಾಕೆ ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: ‘ಅಕ್ಕಾರ, ನಡಾವಳಿ ಬುಕ್ಕ ನಮ್ಮ ಮನೀಗೇ ಬರ್ತದ್ರಿ. ಹೆಬ್ಬಟ್ಟು ಒತ್ತಿ ಕಳಸ್ತೀನಿ. ಅದರಾಗ ಏನ್ ಬರದಾರ ನನಗೇನ್ ಗೊತ್ತ್ರಿ?’ ಸಭೆಯೇ ನಡೆಯದೆ ಠರಾವು, ಅಂದರೆ ನಿರ್ಣಯ, ಪಾಸಾಗುತ್ತಿತ್ತು. ಸಭೆಯ ತೀರ್ಮಾನ ಬರೆದಿಡುವ ನಡಾವಳಿ ಪುಸ್ತಕವೊಂದು ಸೈಕಲ್ ಮೇಲೆ ಮನೆಯಿಂದ ಮನೆಗೆ ತಿರುಗಿದರೆ, ಸಭೆಗೆ ಬೇಕಾದಷ್ಟು ಸದಸ್ಯರ ಕೋರಂ ತುಂಬಿದ ಹಾಗೆ.

ಅದಕ್ಕೇ ನಮ್ಮ ಶಿಬಿರದಲ್ಲಿ ಕಾನೂನಿನ ಕಲಮುಗಳಿಗಿಂತ ಮೊದಲು ಆ ಪುಸ್ತಕವನ್ನೇ ಕೈಗೆ ಕೊಡುತ್ತಿದ್ದೆವು. ಓದಲು ಬಾರದವರು ಗಟ್ಟಿಯಾಗಿ ಓದಿಸಿಕೊಳ್ಳಬೇಕು. ಓದಿ ಹೇಳುವವರು ಕಾರ್ಯದರ್ಶಿ ಒಬ್ಬರೇ ಆಗಬಾರದು. ಶಾಲೆಗೆ ಹೋಗುವ ಮಗಳಾದರೂ ಸರಿ, ಇನ್ನೊಬ್ಬರ ಬಾಯಿಂದ ಕೇಳಬೇಕು. ಸಹಿಗೂ ಕೊನೆಯ ಸಾಲಿಗೂ ನಡುವೆ ಜಾಗ ಉಳಿದಿದ್ದರೆ ಅಡ್ಡಗೆರೆ ಎಳೆದೇ ಸಹಿ ಮಾಡಬೇಕು, ಇಲ್ಲದಿದ್ದರೆ ಆ ಖಾಲಿ ಜಾಗದಲ್ಲಿ ನಾಳೆ ಇನ್ನೊಂದು ಠರಾವು ಹುಟ್ಟುತ್ತದೆ. ಸ್ಲೇಟಿನ ಮೇಲೆ ಬಳಪದಲ್ಲಿ ನಲವತ್ತು ಹೆಣ್ಣುಮಕ್ಕಳು ತಮ್ಮ ಹೆಸರು ಬರೆದು, ಮೇಲೊಂದು ಗೆರೆ ಎಳೆಯುತ್ತಿದ್ದುದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಕೆಲವರ ಗೆರೆ ಸ್ಲೇಟು ದಾಟಿ ಮರದ ಚೌಕಟ್ಟಿನ ತನಕ ಹೋಗಿರುತ್ತಿತ್ತು.

ಯಾರು ಬೇಗ ಕಲಿಯುತ್ತಿದ್ದರು ಎಂದರೆ, ಮೊದಲೇ ಸಂಘದಲ್ಲಿ ಕೂತು ಬಂದವರು. ಮಹಿಳಾ ಸಮಖ್ಯಾ ಕಾರ್ಯಕ್ರಮ 1989ರ ಸುಮಾರಿಗೆ ನಮ್ಮ ರಾಜ್ಯದಲ್ಲಿ ಶುರುವಾದಾಗ ಆರಿಸಿಕೊಂಡ ಜಿಲ್ಲೆಗಳು ಬೀದರ್, ಬಿಜಾಪುರ, ಮೈಸೂರು. ಸಹಯೋಗಿನಿ ಎಂಬ ಕಾರ್ಯಕರ್ತೆ ಹಳ್ಳಿಯಿಂದ ಹಳ್ಳಿಗೆ ನಡೆದು ಹೋಗಿ, ಬಹುಪಾಲು ದಲಿತ ಕೂಲಿ ಹೆಣ್ಣುಮಕ್ಕಳನ್ನು ರಾತ್ರಿ ಹೊತ್ತು ಒಂದೆಡೆ ಕೂಡಿಸುತ್ತಿದ್ದಳು. ಹಲವು ಊರುಗಳಲ್ಲಿ ಅವರದೇ ಸಂಘದ ಮನೆ ಎದ್ದಿತು. ಹಣ ಹಂಚುವ ಯೋಜನೆ ಅಲ್ಲ ಅದು. ನೀರು ಯಾಕೆ ಬರುತ್ತಿಲ್ಲ, ಕೂಲಿ ಯಾಕೆ ಕಡಿಮೆ, ಮಗಳನ್ನು ದೇವದಾಸಿ ಯಾಕೆ ಬಿಡಬೇಕು ಎಂದು ಮಾತಾಡುವ ಜಾಗ. ಅಲ್ಲಿ ವರ್ಷಗಟ್ಟಲೆ ಮಾತಾಡಿ ನಾಲಿಗೆ ಪಳಗಿದವಳಿಗೆ ಪಂಚಾಯಿತಿ ಕಚೇರಿಯ ಮರದ ಕುರ್ಚಿ ಅಷ್ಟು ಅಪರಿಚಿತ ಅನಿಸುತ್ತಿರಲಿಲ್ಲ. ನಾಯಕತ್ವ ಅಂದರೇನೆಂದು ಯಾರಾದರೂ ನನ್ನನ್ನು ಕೇಳಿದರೆ ನಾನು ತೋರಿಸುತ್ತಿದ್ದದ್ದು ಆ ಸಂಘದ ಮನೆಗಳನ್ನು. ಅದಕ್ಕೆ ಬರುತ್ತಿದ್ದ ಕೇಂದ್ರದ ಹಣ 2016ರಲ್ಲಿ ನಿಂತಿತು. ಕಾರ್ಯಕ್ರಮವನ್ನು ಉಳಿತಾಯ-ಸಾಲದ ಸಂಘಗಳನ್ನು ನಡೆಸುವ ಜೀವನೋಪಾಯ ಮಿಷನ್‌ಗೆ ಸೇರಿಸುವ ತೀರ್ಮಾನವಾಯಿತು. ಉಳಿತಾಯ, ಸಾಲ, ಮರುಪಾವತಿ ಎಲ್ಲವೂ ಬೇಕಾದವೇ. ಆದರೆ ಸಾಲದ ಲೆಕ್ಕ ಕೂತಲ್ಲಿ ಠರಾವಿನ ಲೆಕ್ಕ ಕೇಳುವ ಹೊತ್ತು ಉಳಿಯುವುದಿಲ್ಲ.

ಸರ್ಕಾರ ತರಬೇತಿಗೆ ಏನೂ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ಇಸ್ರೊ ನೆರವಿನಿಂದ ಉಪಗ್ರಹದ ಮೂಲಕ ಪಂಚಾಯಿತಿ ಸದಸ್ಯೆಯರಿಗೆ ಪಾಠ ಹೇಳುವ ಪ್ರಯೋಗವನ್ನು ಬಹಳ ಮುಂಚೆ ಮಾಡಿದ ರಾಜ್ಯ ನಮ್ಮದು. ಸ್ಟುಡಿಯೊದಲ್ಲಿ ತಜ್ಞರು, ತಾಲ್ಲೂಕು ಕೇಂದ್ರದ ಟಿವಿ ಮುಂದೆ ಸದಸ್ಯೆಯರು, ಪ್ರಶ್ನೆ ಕೇಳಲು ಟೆಲಿಫೋನು. ಸಾವಿರಾರು ಮಂದಿಯನ್ನು ಒಂದೇ ದಿನ ಮುಟ್ಟಲು ಬೇರೆ ದಾರಿ ಇರಲಿಲ್ಲ. ಆದರೂ ಗೆದ್ದ ಮೊದಲ ವರ್ಷ ಒಂದು ಸುತ್ತು ತರಬೇತಿ, ಆಮೇಲೆ ಅವಧಿ ಮುಗಿಯುವವರೆಗೆ ಹೆಚ್ಚುಕಡಿಮೆ ಮೌನ ಎಂಬುದೇ ರೂಢಿಯಾಯಿತು. ಪ್ರಶ್ನೆಗಳು ಹುಟ್ಟುವುದು ಕೆಲಸಕ್ಕೆ ಕೈ ಹಾಕಿದ ಮೇಲೆ. ಅಷ್ಟು ಹೊತ್ತಿಗೆ ಆ ಕಡೆ ಫೋನು ಎತ್ತುವವರು ಇರುತ್ತಿರಲಿಲ್ಲ.

ಹೊರಗಿನ ಪ್ರಪಂಚದಲ್ಲೂ ಗಾಳಿ ಬದಲಾಗಿತ್ತು. 1995ರಲ್ಲಿ ಬೀಜಿಂಗ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನ ಅಧಿಕಾರದ ಸ್ಥಾನಗಳಲ್ಲಿ ಹೆಣ್ಣುಮಕ್ಕಳ ಪಾಲಿನ ಮಾತನ್ನು ಎಲ್ಲ ದೇಶಗಳ ಮುಂದಿಟ್ಟಿತು. ಮರುವರ್ಷ, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ, ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಕೊಡುವ ಮಸೂದೆ ಮೊದಲ ಬಾರಿ ಮಂಡನೆಯಾಯಿತು. ಅದು ಕಾಯ್ದೆಯಾಗಲು 2023ರ ಸೆಪ್ಟೆಂಬರ್ ಬರಬೇಕಾಯಿತು, ಅದೂ ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಯ ನಂತರ ಎಂಬ ಷರತ್ತಿನೊಂದಿಗೆ. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ವಿಧಾನಸಭೆಯ 224 ಸ್ಥಾನಗಳಿಗೆ ಗೆದ್ದ ಹೆಣ್ಣುಮಕ್ಕಳು 10 ಮಂದಿ. ಮೂರೂವರೆ ದಶಕದಿಂದ ಪಂಚಾಯಿತಿಗಳಲ್ಲಿ ಸಾವಿರ ಸಾವಿರ ಮಂದಿ ಪಳಗಿದ ರಾಜ್ಯದ ಅಂಕಿ ಇದು. ಕೆಳಗಿನ ಮೆಟ್ಟಿಲು ಹತ್ತಿದವರಿಗೆ ಮೇಲಿನ ಮೆಟ್ಟಿಲು ಯಾಕೆ ಸಿಗಲಿಲ್ಲ ಎಂಬ ಪ್ರಶ್ನೆಗೆ ಪಕ್ಷಗಳ ಟಿಕೆಟ್ ಒಂದು ಉತ್ತರ. ಇನ್ನೊಂದು ಉತ್ತರ ಪಂಚಾಯಿತಿಯೊಳಗೇ ಇದೆ.

ಮೀಸಲು ಸ್ಥಾನ ಸರದಿಯಂತೆ ತಿರುಗುತ್ತದೆ. ಈ ಸಲ ಮಹಿಳೆಗೆ ಇದ್ದ ಅಧ್ಯಕ್ಷಗಿರಿ ಮುಂದಿನ ಸಲ ಸಾಮಾನ್ಯ. ಎಲ್ಲ ಊರಿಗೂ ಸಿಗಲಿ ಎಂಬ ಉದ್ದೇಶ ಸರಿಯೇ. ಆದರೆ ಮೊದಲ ವರ್ಷ ಹೆದರಿ, ಎರಡನೇ ವರ್ಷ ಕಲಿತು, ಮೂರನೇ ವರ್ಷ ಮಾತಾಡತೊಡಗಿದವಳ ಕೈಯಿಂದ ಅಷ್ಟರಲ್ಲಿ ಸ್ಥಾನ ಜಾರಿರುತ್ತದೆ. ಸಾಲದ್ದಕ್ಕೆ ಅಧ್ಯಕ್ಷರ ಅವಧಿ ಹಿಗ್ಗುತ್ತ ಕುಗ್ಗುತ್ತ ಬಂದಿದೆ. 2015ರ ತಿದ್ದುಪಡಿ ಅದನ್ನು 5 ವರ್ಷ ಮಾಡಿತ್ತು, 2020ರಲ್ಲಿ ಮತ್ತೆ 30 ತಿಂಗಳಿಗೆ ಇಳಿಯಿತು. ಅವಿಶ್ವಾಸ ನಿರ್ಣಯದ ಕತ್ತಿ ಬೇರೆ. ದಲಿತ ಅಧ್ಯಕ್ಷೆಯರ ತಲೆ ಮೇಲೆ ಅದು ತೂಗಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಊರಿನಲ್ಲಿ ಕಂಡಿದ್ದೇನೆ.

ಒಂದೇ ಅವಧಿ ಸಾಲದು ಎನ್ನುವುದಕ್ಕೆ ಆಧಾರ ಬೇರೆ ರಾಜ್ಯಗಳಿಂದಲೂ ಇದೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳಲ್ಲಿ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ನಡೆಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಹೆಣ್ಣುಮಕ್ಕಳು ಮುಖ್ಯಸ್ಥರಾಗಿದ್ದ ಪಂಚಾಯಿತಿಗಳು ಕುಡಿಯುವ ನೀರಿಗೆ ಹೆಚ್ಚು ಖರ್ಚು ಮಾಡಿದ್ದವು. ಆಮೇಲೆ ಬಂಗಾಳದಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ ಕಂಡದ್ದು ಇನ್ನೂ ಮುಖ್ಯ: ಒಂದು ಅವಧಿ ಮಹಿಳಾ ಪ್ರಧಾನರನ್ನು ಕಂಡ ಊರಿನಲ್ಲಿ ಮತದಾರರ ಮನಸ್ಸು ಅಷ್ಟಾಗಿ ಬದಲಾಗಿರಲಿಲ್ಲ, ಎರಡು ಅವಧಿ ಕಂಡ ಊರಿನಲ್ಲಿ ಮೀಸಲಿಲ್ಲದ ಸ್ಥಾನಕ್ಕೂ ಹೆಣ್ಣುಮಕ್ಕಳು ನಿಂತರು, ಗೆದ್ದರು.

ಪ್ರಮಾಣವಂತೂ ಏರುತ್ತ ಹೋಗಿದೆ. 2006ರಲ್ಲಿ ಬಿಹಾರ ಶೇ 50 ಮಾಡಿತು, 2010ರ ಹೊತ್ತಿಗೆ ಕರ್ನಾಟಕವೂ ಮಾಡಿತು. ದೇಶದ ಪಂಚಾಯಿತಿಗಳಲ್ಲಿ ಇವತ್ತು 14 ಲಕ್ಷಕ್ಕೂ ಹೆಚ್ಚು ಚುನಾಯಿತ ಮಹಿಳೆಯರಿದ್ದಾರೆ. ಜೊತೆಗೆ ಗಂಡಂದಿರ ದರ್ಬಾರಿನ ದೂರೂ ಬೆಳೆಯಿತು. ಸಭೆಯಲ್ಲಿ ಕುಟುಂಬದವರು ಕೂರಬಾರದು ಎಂದು ಸುತ್ತೋಲೆಗಳು ಹೊರಟವು. ವಿಷಯ ಸುಪ್ರೀಂ ಕೋರ್ಟ್ ತನಕ ಹೋದ ಮೇಲೆ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ 2023ರಲ್ಲಿ ಸಮಿತಿ ನೇಮಿಸಿತು. ಹೆಂಡತಿಯ ಹೆಸರಿನಲ್ಲಿ ಆಡಳಿತ ನಡೆಸುವವರಿಗೆ ಕಠಿಣ ದಂಡ ಇರಲಿ ಎಂದು ಅದರ ವರದಿ ಹೇಳಿತು. ದಂಡ ಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಹಿಂದೆ ಹೆಬ್ಬೆಟ್ಟಿಗಾಗಿ ಮನೆಗೆ ಬರುತ್ತಿದ್ದ ಪುಸ್ತಕದ ಜಾಗದಲ್ಲಿ ಈಗ ಪೆನ್‌ಡ್ರೈವ್‌ನಂಥ ಡಾಂಗಲ್ ಇದೆ. ಹಣ ಪಾವತಿಗೆ ಬೇಕಾದ ಅಧ್ಯಕ್ಷೆಯ ಡಿಜಿಟಲ್ ಸಹಿ ಅದರೊಳಗಿರುತ್ತದೆ. ಹೋದ ವರ್ಷ ನಾನು ಹೋದ ಒಂದು ಪಂಚಾಯಿತಿಯಲ್ಲಿ ಅದು ಆಕೆಯ ಗಂಡನ ಅಂಗಿ ಜೇಬಿನಲ್ಲಿ, ಬೈಕಿನ ಕೀಲಿಯ ಜೊತೆಗೆ ಇತ್ತು. ಸಭೆಗೆ ಬರಬೇಡ ಎಂಬ ಸುತ್ತೋಲೆಯನ್ನು ಆತ ಚಾಚೂ ತಪ್ಪದೆ ಪಾಲಿಸಿದ್ದ. ಹೊರಗೆ ಚಹಾದಂಗಡಿಯಲ್ಲಿ ಕೂತಿದ್ದ. ಡಾಂಗಲ್ ಅಂದರೇನು, ಪಾಸ್‌ವರ್ಡ್ ಯಾರಿಗೂ ಹೇಳಬಾರದು ಯಾಕೆ ಎಂದು ಆಕೆಗೆ ಯಾರೂ ಕೂರಿಸಿ ಹೇಳಿಕೊಟ್ಟಿರಲಿಲ್ಲ.

ಇನ್ನು ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಕಲಿತವಳು ಮುಂದೆ ಹೋಗಬಹುದಾಗಿದ್ದ ಮೆಟ್ಟಿಲು ಅದು.

ನಡಾವಳಿ ಪುಸ್ತಕದ ಮಾತು ಹೇಳಿದ ಆ ಅಧ್ಯಕ್ಷೆ ತರಬೇತಿಯ ನಂತರದ ಸಭೆಯಲ್ಲಿ ಪೂರ್ತಿ ಓದಿಸಿ, ಅಡ್ಡಗೆರೆ ಎಳೆದು, ಅಕ್ಷರದಲ್ಲಿ ಸಹಿ ಮಾಡಿದಳು. ಅವಧಿ ಮುಗಿಯುವ ಹೊತ್ತಿಗೆ ಯಾವ ಓಣಿಯ ಬೋರ್‌ವೆಲ್ ಎಷ್ಟು ಆಳ ಎಂಬುದು ಅವಳಿಗೆ ಬಾಯಿಪಾಠ. ಮುಂದಿನ ಸಲ ಅವಳ ವಾರ್ಡು ಸಾಮಾನ್ಯವಾಯಿತು. ‘ಇನ್ನು ಸಾಕು ಬಿಡವ್ವ, ನಿನ್ನ ಪಾಳಿ ಮುಗೀತು’ ಎಂದರು ಊರ ಹಿರಿಯರು. ಆದರೂ ನಿಂತಳು, ಸೋತಳು. ಗ್ರಾಮಸಭೆಗೆ ಮಾತ್ರ ತಪ್ಪದೆ ಬರುತ್ತಾಳೆ, ಮುಂದಿನ ಸಾಲಿನಲ್ಲೇ ಕೂರುತ್ತಾಳೆ. ಮೊನ್ನೆ ಫೋನ್ ಮಾಡಿದವಳು ನನ್ನ ಆರೋಗ್ಯ, ಮಕ್ಕಳ ವಿಚಾರ ಎಲ್ಲ ಕೇಳಿ, ಕೊನೆಗೆ ಕೇಳಿದಳು:

‘ಮೀಸಲಾತಿ ಪಟ್ಟಿ ಬಂತೇನ್ರಿ ಅಕ್ಕಾರ? ನಮ್ಮ ಓಣಿಗೆ ಏನ್ ಬಂದದ?’