ಎಂಜಿನ್ ಬಿಸಿಯ ಜಾಡು ಹಿಡಿದು: ಹೊಸದಾಗಿ ಕಾರು ಕೊಂಡವರಿಗೆ

ಎಂಜಿನ್ ಭಾಗಗಳ ಹೆಸರನ್ನು ಉರು ಹೊಡೆದರೆ ನಾಲ್ಕು ದಿನದಲ್ಲಿ ಮರೆತುಹೋಗುತ್ತದೆ. ಬಿಸಿ ಎಲ್ಲಿ ಹುಟ್ಟಿ ಎಲ್ಲಿಂದ ಹೊರಬೀಳುತ್ತದೆ ಎಂದು ನೋಡುತ್ತಾ ಹೋದರೆ ಮುಖ್ಯ ಭಾಗಗಳೆಲ್ಲ ಒಂದೊಂದಾಗಿ ಎದುರಾಗುತ್ತವೆ. ಚಿಕ್ಕಬಳ್ಳಾಪುರದ ಕಡೆ ಕಾರು ಓಡಿಸುವವರು ಹೀಗೆ ಕಲಿಯುವುದೇ ಮೇಲು. ಪಕ್ಕದಲ್ಲೇ ನಂದಿ ಬೆಟ್ಟದ ಏರು ಇದೆ, ಊರೂರಲ್ಲೂ ಕೊಳವೆಬಾವಿಯ ಗಡಸು ನೀರಿದೆ.

ಬಿಸಿ ಹುಟ್ಟುವುದು ಸಿಲಿಂಡರ್‌ನಲ್ಲಿ. ಅದರೊಳಗೆ ಮೇಲೆ ಕೆಳಗೆ ಆಡುವ ಲೋಹದ ಬಿರಡೆಯೇ ಪಿಸ್ಟನ್. ಅದು ಕೆಳಗಿಳಿದು ಗಾಳಿ ಮತ್ತು ಪೆಟ್ರೋಲನ್ನು ಎಳೆದುಕೊಳ್ಳುತ್ತದೆ, ಮೇಲೇರಿ ಒತ್ತುತ್ತದೆ, ಸ್ಪಾರ್ಕ್ ಪ್ಲಗ್ ಕಿಡಿ ಹೊತ್ತಿಸುತ್ತದೆ, ಉರಿದ ಅನಿಲ ಪಿಸ್ಟನ್ನನ್ನು ಕೆಳಕ್ಕೆ ದೂಡುತ್ತದೆ, ಕೊನೆಗೆ ಹೊಗೆ ಹೊರಹೋಗುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಬೇಕಿಲ್ಲ, ಒತ್ತಿದ ಗಾಳಿಯ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿ ಬದಲಿಸುವುದು ಕ್ರ್ಯಾಂಕ್‌ಶಾಫ್ಟ್.

ಇಂಧನದ ಶಕ್ತಿಯಲ್ಲಿ ಎಂಜಿನ್ ತಿರುಗುವ ಶಕ್ತಿಯಾಗಿ ಬದಲಿಸುವುದು ಸರಿಸುಮಾರು ಮೂರನೇ ಒಂದು ಪಾಲು. ಉಳಿದದ್ದರಲ್ಲಿ ದೊಡ್ಡ ಭಾಗ ಹೊಗೆಯ ಜೊತೆ ಹೋಗುತ್ತದೆ, ಇನ್ನೊಂದು ದೊಡ್ಡ ಭಾಗವನ್ನು ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಹೊತ್ತೊಯ್ಯಬೇಕು. ಎಂಜಿನ್ ಬ್ಲಾಕ್ ಒಳಗಿನ ಕಾಲುವೆಗಳಲ್ಲಿ ಅದನ್ನು ಓಡಿಸುವುದು ವಾಟರ್ ಪಂಪ್. ದಾರಿಯಲ್ಲಿ ಕಾವಲಿಗಿರುವುದು ಥರ್ಮೋಸ್ಟಾಟ್. ನನಗೆ ಬಹಳ ಇಷ್ಟವಾದ ಭಾಗ ಇದು. ಅದರ ಪುಟ್ಟ ಲೋಹದ ಕೊಳವೆಯೊಳಗೆ ಮೇಣ ತುಂಬಿರುತ್ತದೆ. ಕೂಲೆಂಟ್ 80–90 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮೇಣ ಕರಗಿ ಹಿಗ್ಗಿ ಕವಾಟ ತೆರೆಯುತ್ತದೆ, ತಣಿದರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಮುಚ್ಚಿದಂತೆಯೇ ಸಿಕ್ಕಿಕೊಂಡರೆ ಎಂಜಿನ್ ಕಾದು ಕೆಡುತ್ತದೆ. ತೆರೆದಂತೆಯೇ ಉಳಿದರೆ ಬೇಗ ಬಿಸಿಯಾಗುವುದಿಲ್ಲ, ಮೈಲೇಜ್ ಇಳಿಯುತ್ತದೆ.

ಅಲ್ಲಿಂದ ಕೂಲೆಂಟ್ ಹೋಗುವುದು ಅದರ ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರ್‌ಗೆ. ಸಣ್ಣ ಕೊಳವೆಗಳ ನಡುವೆ ತೆಳು ತಗಡಿನ ಮಡಿಕೆಗಳು. ಓಡುವಾಗ ಎದುರು ಗಾಳಿ ಸಾಕು. ವಾಹನಗಳ ಸಾಲಿನಲ್ಲಿ ನಂದಿ ಬೆಟ್ಟವನ್ನು ಕೆಳಗಿನ ಗೇರ್‌ನಲ್ಲಿ ಹತ್ತುವಾಗ ಮಾತ್ರ ದುಡಿಮೆ ಹೆಚ್ಚು, ಗಾಳಿ ಕಡಿಮೆ. ಆಗ ಫ್ಯಾನೇ ಗತಿ. ಜೊತೆಗೆ 1,478 ಮೀಟರ್ ಎತ್ತರದ ಆ ತುದಿಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಕಾರಿನಲ್ಲಿ ಹಾಗಾಗದಂತೆ ತಡೆಯುವುದು ರೇಡಿಯೇಟರ್ ಮುಚ್ಚಳ. ಅದು ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವ ಬಿಂದುವನ್ನು 100 ಡಿಗ್ರಿಗಿಂತ ಸಾಕಷ್ಟು ಮೇಲಕ್ಕೆ ಒಯ್ಯುತ್ತದೆ. ಬಿಸಿ ಇರುವಾಗ ಮುಚ್ಚಳ ತಿರುಗಿಸಿದರೆ ಒತ್ತಡ ತಟ್ಟನೆ ಇಳಿದು ಕೂಲೆಂಟ್ ಕುದಿದು ಮುಖಕ್ಕೆ ಚಿಮ್ಮುತ್ತದೆ. ದಯವಿಟ್ಟು ಮುಟ್ಟಬೇಡಿ. ಎಂಜಿನ್ ಬಿಸಿ ತೋರಿಸುವ ಮೀಟರ್ ಮುಳ್ಳು ಕೆಂಪು ಗೆರೆಯತ್ತ ಏರಿದರೆ ಎಸಿ ಆರಿಸಿ, ಬದಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಅದು ಪೂರ್ತಿ ತಣಿಯುವವರೆಗೆ ಕಾಯಿರಿ.

ಇನ್ನು ನೀರಿನ ಮಾತು. ಕೊಳವೆಬಾವಿಯ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನಮ್ಮ ಕಡೆ ನೋಡದವರಿಲ್ಲ. ಆ ನೀರನ್ನು ಕಾರಿಗೆ ಸುರಿದರೆ ಅದೇ ಸುಣ್ಣದ ಪದರ ರೇಡಿಯೇಟರ್ ಕೊಳವೆಗಳಲ್ಲೂ ಕಟ್ಟುತ್ತದೆ, ಶಾಖ ದಾಟದಂತೆ ತಡೆಯುತ್ತದೆ. ಆದ್ದರಿಂದ ಗಾಢ ಕೂಲೆಂಟಿಗೆ ಬೆರೆಸಬೇಕಾದದ್ದು ಲವಣಗಳಿಲ್ಲದ ಡಿಸ್ಟಿಲ್ಡ್ ವಾಟರ್, ಸಾಮಾನ್ಯವಾಗಿ ಅರ್ಧಕ್ಕೆ ಅರ್ಧ. ಬೆರೆಸಿಯೇ ಮಾರುವ ಡಬ್ಬಿಗೆ ಏನೂ ಸೇರಿಸಬಾರದು. ಬಣ್ಣ ನೋಡಿ ಕೊಳ್ಳಬೇಡಿ, ಕಾರಿನ ಕೈಪಿಡಿ ಹೇಳಿದ ಬಗೆಯನ್ನೇ ಕೊಳ್ಳಿ.

ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಕೂಲೆಂಟ್ ಡಬ್ಬಿಯ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ ನೋಡಿ. ಹೊರಗೆಲ್ಲೂ ಸೋರದೆ ಮಟ್ಟ ಪದೇ ಪದೇ ಇಳಿಯುತ್ತಿದ್ದು, ಆಯಿಲ್ ಮುಚ್ಚಳದ ಅಡಿ ತಿಳಿಕಂದು ಲೋಳೆಯೂ ಕಂಡರೆ ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವೆ ಸೋರದಂತೆ ಬಿಗಿಹಿಡಿಯುವ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಅಂಥ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಎಳೆಸಿಕೊಂಡು ಹೋಗಿ.