ಚಿತ್ರಕ್ಕಿಂತ ಮೊದಲೇ ಮುಗಿದಿದ್ದ ಹಾಡುಗಳು

ಹಾಲಿವುಡ್‌ನ ಎಂಜಿಎಂ ಸ್ಟುಡಿಯೋದ ಸಂಗೀತ ಚಿತ್ರ ‘ದ ಬ್ರಾಡ್‌ವೇ ಮೆಲೊಡಿ’ 1929ರಲ್ಲಿ ತೆರೆಕಂಡಿತು. ಅದರಲ್ಲಿನ ಒಂದು ನೃತ್ಯದ ಹಾಡು ನಿರ್ಮಾಣದ ಹೊಣೆ ಹೊತ್ತಿದ್ದ ಇರ್ವಿಂಗ್ ಥಾಲ್‌ಬರ್ಗ್ ಅವರಿಗೆ ಹಿಡಿಸಲಿಲ್ಲ. ಮತ್ತೆ ಚಿತ್ರೀಕರಿಸಿ ಎಂದರು. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ ಸೆಟ್ಟಿನ ಪಕ್ಕದಲ್ಲೇ ಇಡೀ ವಾದ್ಯವೃಂದ ಕೂತು ನುಡಿಸಬೇಕಿತ್ತು. ಹಾಡು, ಕುಣಿತ, ಚಿತ್ರ, ಧ್ವನಿ ಎಲ್ಲವೂ ಒಂದೇ ಏಟಿಗೆ ಕೂಡಿಬರಬೇಕಿತ್ತು. ಧ್ವನಿ ವಿಭಾಗದ ಡಗ್ಲಾಸ್ ಶಿಯರರ್ ಬೇರೆ ದಾರಿ ತೋರಿಸಿದರು. ಹಾಡಿಗೇನೂ ಆಗಿಲ್ಲ, ಅದು ಚೆನ್ನಾಗಿಯೇ ಮುದ್ರಣವಾಗಿದೆ. ಅದನ್ನೇ ಧ್ವನಿವರ್ಧಕದಲ್ಲಿ ಹಾಕೋಣ, ಕುಣಿಯುವವರು ಅದಕ್ಕೆ ಹೆಜ್ಜೆ ಹಾಕಲಿ ಎಂಬುದು ಅವರ ಸಲಹೆ.

ಇದನ್ನೇ ನಾವು ಪ್ಲೇಬ್ಯಾಕ್ ಎನ್ನುತ್ತೇವೆ. ಕಲ್ಕತ್ತದ ನ್ಯೂ ಥಿಯೇಟರ್ಸ್ 1935ರಲ್ಲಿ ಇದನ್ನು ಭಾರತದ ಸಿನಿಮಾಕ್ಕೆ ತಂದಿತು. ಹಾಲಿವುಡ್‌ನಲ್ಲಿ ಇದು ರೂಢಿಯಾದ ಮೇಲೆ ಸಂಗೀತದ ಸ್ಥಾನವೇ ಬದಲಾಯಿತು. ಹಾಡು ಮೊದಲು, ಚಿತ್ರ ಆಮೇಲೆ. ನೆಮ್ಮದಿಯಾಗಿ, ಒಳ್ಳೆಯ ಸಭಾಂಗಣದಲ್ಲಿ, ಸ್ಟುಡಿಯೋದ ಸಂಬಳದಲ್ಲೇ ಇದ್ದ ನುರಿತ ವಾದಕರಿಂದ ಹಾಡನ್ನು ಪೂರ್ತಿ ಮುಗಿಸಿಟ್ಟು, ನಂತರ ಅದಕ್ಕೆ ದೃಶ್ಯ ಕಟ್ಟುತ್ತಿದ್ದರು. ಹಳೆಯ ಹಾಲಿವುಡ್ ಸಂಗೀತ ಚಿತ್ರಗಳ ರೆಕಾರ್ಡುಗಳು ಇಂದಿಗೂ ಏಕೆ ಕೇಳಿಸಿಕೊಳ್ಳುತ್ತವೆ ಎಂಬ ಪ್ರಶ್ನೆಗೆ ನನಗೆ ಸಿಗುವ ಉತ್ತರ ಇಲ್ಲೇ ಇದೆ. ಚಿತ್ರವನ್ನು ತೆಗೆದುಬಿಟ್ಟರೂ ಆ ಹಾಡಿಗೆ ಏನೂ ಕಡಿಮೆಯಾಗುವುದಿಲ್ಲ. ಅದು ಹುಟ್ಟಿದಾಗ ಚಿತ್ರ ಇರಲೇ ಇಲ್ಲ.

ಆದರೂ ಆ ಧ್ವನಿಯನ್ನು ಜನರ ಮನೆಗೆ ಮುಟ್ಟಿಸಬೇಕು ಎಂದು ಸ್ಟುಡಿಯೋಗಳಿಗೆ ಬೇಗ ಹೊಳೆಯಲಿಲ್ಲ. ಚಿತ್ರದ ಹಾಡುಗಳನ್ನು ರೆಕಾರ್ಡ್ ಕಂಪನಿಗಳು ಬೇರೆಯಾಗಿ ಹಾಡಿಸಿ ಮಾರುತ್ತಿದ್ದವು. ಡಿಸ್ನಿಯ ಕಾರ್ಟೂನ್ ಚಿತ್ರ ‘ಸ್ನೋ ವೈಟ್’ನ ಹಾಡುಗಳು 1938ರ ಆರಂಭದಲ್ಲಿ ಚಿತ್ರದ ಧ್ವನಿಯಲ್ಲೇ ಗ್ರಾಮಫೋನ್ ಪ್ಲೇಟುಗಳಾಗಿ ಬಂದದ್ದು ಮೊದಲ ದೊಡ್ಡ ಹೆಜ್ಜೆ. ನಟರು ನಟಿಸಿದ ಸಂಗೀತ ಚಿತ್ರಗಳಿಗೆ ಆ ಭಾಗ್ಯ ಬಂದದ್ದು 1947ರಲ್ಲಿ, ಎಂಜಿಎಂ ತನ್ನದೇ ರೆಕಾರ್ಡ್ ಕಂಪನಿ ತೆರೆದು ‘ಟಿಲ್ ದ ಕ್ಲೌಡ್ಸ್ ರೋಲ್ ಬೈ’ ಹಾಡುಗಳನ್ನು ಹೊರತಂದಾಗ. ಮರುವರ್ಷವೇ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ನುಡಿಯುವ ರೆಕಾರ್ಡು, ಬಂತು. ಮೂರು ನಿಮಿಷಕ್ಕೊಮ್ಮೆ ಎದ್ದು ಪ್ಲೇಟು ತಿರುವಿಹಾಕುವ ಕಾಟ ತಪ್ಪಿತು. ಒಂದು ಇಡೀ ಚಿತ್ರದ ಹಾಡುಗಳು ಒಂದೇ ತಟ್ಟೆಯಲ್ಲಿ, ಕಥೆಯ ಸರಣಿ ಕೆಡದ ಹಾಗೆ ಕೂತವು.

ಆಗ ವಿಡಿಯೊ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ಚಿತ್ರ ಊರು ಬಿಟ್ಟು ಹೋಯಿತೆಂದರೆ ಹೋಯಿತು. ಮನೆಯಲ್ಲಿ ಉಳಿಯುತ್ತಿದ್ದುದು ರೆಕಾರ್ಡು ಮಾತ್ರ. 1939ರ ‘ದ ವಿಜರ್ಡ್ ಆಫ್ ಆಜ್’ ಚಿತ್ರದ ಮೂಲ ಧ್ವನಿಯ ರೆಕಾರ್ಡು ಬಂದದ್ದು 1956ರಲ್ಲಿ, ಚಿತ್ರ ಮೊದಲ ಸಲ ಟಿವಿಯಲ್ಲಿ ಕಂಡ ವರ್ಷ. ‘ಸೌತ್ ಪೆಸಿಫಿಕ್’ ಚಿತ್ರದ ಎಲ್‌ಪಿ ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ ಒಟ್ಟು 115 ವಾರ ಮೊದಲ ಸ್ಥಾನದಲ್ಲಿತ್ತು. 1959ರ ಇಡೀ ವರ್ಷ ಅದನ್ನು ಕೆಳಗಿಳಿಸುವವರೇ ಇರಲಿಲ್ಲ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ‘ವೆಸ್ಟ್ ಸೈಡ್ ಸ್ಟೋರಿ’ 54 ವಾರ ಮೊದಲ ಸ್ಥಾನದಲ್ಲಿ ಕೂತಿತು. 1965ರ ‘ದ ಸೌಂಡ್ ಆಫ್ ಮ್ಯೂಸಿಕ್’ ಅಮೆರಿಕದ ಟಿವಿಗೆ ಬಂದದ್ದು 1976ರಲ್ಲಿ. ನಡುವಿನ ಹನ್ನೊಂದು ವರ್ಷ ಆ ಚಿತ್ರವನ್ನು ಮಕ್ಕಳು ಬಹುಮಟ್ಟಿಗೆ ಕಿವಿಯಲ್ಲೇ ಮತ್ತೆ ಮತ್ತೆ ನೋಡಿದರು.

ಆ ಚಿತ್ರದ ‘ಡೊ ರೆ ಮಿ’ ನಮ್ಮ ಕಿವಿಗೂ ಅಷ್ಟೇನೂ ಪರಕೀಯವಲ್ಲ. ಚಿತ್ರದ ನಾಯಕಿ ಮರಿಯಾ ಮಕ್ಕಳಿಗೆ ಕಲಿಸುವ ಏಳು ಸ್ವರಗಳು ನಮ್ಮ ಶಂಕರಾಭರಣ ರಾಗದ ಸ್ವರಗಳೇ. ಒಂದೊಂದು ಸ್ವರಕ್ಕೂ ನೆನಪಿಡಲು ಒಂದು ಮಾತು ಕೊಟ್ಟು, ಆಮೇಲೆ ಸ್ವರಗಳನ್ನು ಹಿಂದು ಮುಂದು ಮಾಡಿ ಹಾಡಿಸುವ ಕ್ರಮ ಕರ್ನಾಟಕ ಸಂಗೀತದ ಮೊದಲ ಪಾಠಗಳಾದ ಸರಳೆ ವರಸೆ, ಜಂಟಿ ವರಸೆ ಕಲಿತವರಿಗೆ ಕೂಡಲೇ ಗುರುತು ಸಿಗುತ್ತದೆ. ಹಾಗೆಯೇ ‘ದ ವಿಜರ್ಡ್ ಆಫ್ ಆಜ್’ನಲ್ಲಿ ಜೂಡಿ ಗಾರ್ಲೆಂಡ್ ಹಾಡಿದ ‘ಓವರ್ ದ ರೇನ್‌ಬೋ’. ಮೊದಲ ಪದದಲ್ಲೇ ರಾಗ ಮಧ್ಯಸ್ಥಾಯಿಯ ಷಡ್ಜದಿಂದ ತಾರಷಡ್ಜಕ್ಕೆ, ಅಂದರೆ ಕೆಳಗಿನ ‘ಸ’ದಿಂದ ಮೇಲಿನ ‘ಸ’ಕ್ಕೆ, ಒಮ್ಮೆಲೇ ಜಿಗಿಯುತ್ತದೆ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಭಾಷೆ ಬಾರದವನಿಗೂ ಆ ಜಿಗಿತದಲ್ಲಿ ಹಂಬಲ ಕೇಳುತ್ತದೆ. ಈ ಹಾಡು ಚಿತ್ರದ ಓಟಕ್ಕೆ ಅಡ್ಡಿ ಎಂದು ಪರೀಕ್ಷಾ ಪ್ರದರ್ಶನದ ನಂತರ ಕತ್ತರಿಸಿದ್ದರು. ಮತ್ತೆ ಸೇರಿಸುವಂತೆ ಹಟ ಹಿಡಿದವರಿಗೆ ನಾವೆಲ್ಲ ಋಣಿಗಳು.

ರಾಗ ಕಟ್ಟಿದವರ ಹೆಸರು ಹೇಗೋ ಉಳಿಯುತ್ತದೆ. ಅದಕ್ಕೆ ವಾದ್ಯಗಳ ಮೈ ಕೊಟ್ಟವರನ್ನು ನೆನೆಯುವವರು ಕಡಿಮೆ. ‘ಸಿಂಗಿಂಗ್ ಇನ್ ದ ರೇನ್’ 1929ರಲ್ಲೇ ಒಂದು ಚಿತ್ರದಲ್ಲಿ ಬಂದಿದ್ದ ಹಾಡು. ಜೀನ್ ಕೆಲ್ಲಿ 1952ರಲ್ಲಿ ಮಳೆಯಲ್ಲಿ ಕುಣಿಯುವ ಹೊತ್ತಿಗೆ ಅದು ಹಳೇ ಸರಕು. ಪದ ಶುರುವಾಗುವ ಮೊದಲು ಕೆಲ್ಲಿ ಗುನುಗುವ ಆ ಪುಟ್ಟ ‘ಡೂ ಡೂ’ ಆಲಾಪ ಎಂಜಿಎಂನ ಸಂಗೀತಗಾರ ರೋಜರ್ ಈಡನ್ಸ್ ಸೇರಿಸಿದ್ದು. ಅದರ ಕೆಳಗೆ ಹರಿಯುವ ವಾದ್ಯಸಂಯೋಜನೆ ಕಾನ್ರಾಡ್ ಸ್ಯಾಲಿಂಜರ್ ಅವರದು. ಇಂದು ಆ ಹಾಡೆಂದರೆ ಬಾಯಿಗೆ ಮೊದಲು ಬರುವುದು ಆ ಗುನುಗೇ.

ಮರೆಯಲ್ಲಿ ಉಳಿದ ಕಂಠಗಳ ಕಥೆ ಇನ್ನೂ ನೋವಿನದು. ‘ದ ಕಿಂಗ್ ಅಂಡ್ ಐ’ನಲ್ಲಿ ಡೆಬೊರಾ ಕರ್, ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ನಟಾಲಿ ವುಡ್, ‘ಮೈ ಫೇರ್ ಲೇಡಿ’ಯಲ್ಲಿ ಆಡ್ರೆ ಹೆಪ್‌ಬರ್ನ್: ಮೂವರಿಗೂ ಹಾಡಿದವರು ಮಾರ್ನಿ ನಿಕ್ಸನ್. ಪರದೆಯ ಮೇಲೆ ಅವರ ಹೆಸರಿರಲಿಲ್ಲ. ಗುಟ್ಟು ಬಿಟ್ಟರೆ ಮುಂದೆ ಕೆಲಸ ಸಿಗದು ಎಂಬ ಬೆದರಿಕೆಯೂ ಇತ್ತು. ನಟಾಲಿ ವುಡ್ ತಮ್ಮ ದನಿಯೇ ಉಳಿಯುತ್ತದೆಂದು ನಂಬಿ ಎಲ್ಲ ಹಾಡುಗಳನ್ನೂ ಹಾಡಿದ್ದರು. ಆ ಚಿತ್ರದ ರೆಕಾರ್ಡಿನ ಗಳಿಕೆಯಲ್ಲಿ ನಿಕ್ಸನ್ ಪಾಲು ಕೇಳಿದಾಗ ಕೊಡಲು ಯಾರೂ ಮುಂದೆ ಬರಲಿಲ್ಲ. ಸಂಗೀತ ಬರೆದ ಲೆನರ್ಡ್ ಬರ್ನ್‌ಸ್ಟೈನ್ ತಮ್ಮ ರಾಯಧನದಿಂದಲೇ ಶೇ 0.25 ಬಿಟ್ಟುಕೊಟ್ಟರು. ನಮ್ಮಲ್ಲೂ 1949ರ ಹಿಂದಿ ಚಿತ್ರ ‘ಮಹಲ್’ನ ರೆಕಾರ್ಡಿನ ಮೇಲೆ ಲತಾ ಮಂಗೇಶ್ಕರ್ ಬದಲು ಪಾತ್ರದ ಹೆಸರು ‘ಕಾಮಿನಿ’ ಎಂದೇ ಅಚ್ಚಾಗಿತ್ತು. ಆದರೆ ಇಲ್ಲಿ ಕೇಳುಗರು ಹಾಡಿದವರು ಯಾರೆಂದು ಆಕಾಶವಾಣಿಯನ್ನು ಕೇಳಿ ತಿಳಿದುಕೊಂಡರು. ಹಾಗಾಗಿ ರಾಜಕುಮಾರ್ ಅವರ ದನಿ ಪಿ.ಬಿ. ಶ್ರೀನಿವಾಸ್ ಅವರದು ಎಂಬುದು ಕನ್ನಡಿಗರಿಗೆ ಗುಟ್ಟಾಗಿರಲಿಲ್ಲ, ಹೆಮ್ಮೆಯಾಗಿತ್ತು. ಹಾಲಿವುಡ್ ಆ ಹೆಮ್ಮೆಯನ್ನು ತನ್ನ ಗಾಯಕಿಯರಿಗೆ ಕೊಡಲಿಲ್ಲ.

ಸ್ಟುಡಿಯೋ ಯುಗ ಮುಗಿದಾಗ ಎಂಜಿಎಂ ಮಾಡಿದ ಒಂದು ಕೆಲಸವನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. 1969ರಲ್ಲಿ ಮಾಲೀಕತ್ವ ಬದಲಾಯಿತು. ಜಾಗ ಖಾಲಿ ಮಾಡುವ ಭರದಲ್ಲಿ ಸಂಗೀತ ಗ್ರಂಥಾಲಯವನ್ನು, ಸ್ಯಾಲಿಂಜರ್ ಮತ್ತಿತರರು ಪ್ರತಿ ವಾದ್ಯಕ್ಕೂ ಕೈಯಾರೆ ಬರೆದ ಸ್ವರಲಿಪಿಗಳ ಸಮೇತ, ಕಸವಾಗಿ ಹೂತರು. ಉಳಿದದ್ದು ಪಿಯಾನೋಗೆಂದು ಇಳಿಸಿದ ಸಂಕ್ಷಿಪ್ತ ಪ್ರತಿಗಳು ಮತ್ತು ಧ್ವನಿ. ಧ್ವನಿಯ ವಿಷಯದಲ್ಲಿ ಒಂದು ಪುಣ್ಯವಿತ್ತು. ಎಂಜಿಎಂ ಹಲವು ಮೈಕುಗಳ ಧ್ವನಿಯನ್ನು ಬೇರೆ ಬೇರೆ ಧ್ವನಿಪಟ್ಟಿಗಳಲ್ಲಿ ಹಿಡಿದಿಡುತ್ತಿತ್ತು. ಅವುಗಳನ್ನು ಜೋಡಿಸಿ 1990ರ ದಶಕದಲ್ಲಿ ಹಳೆಯ ಹಾಡುಗಳನ್ನು ಸ್ಟೀರಿಯೋದಲ್ಲಿ ಸಿಡಿಗೆ ತಂದರು.

ಸ್ವರಲಿಪಿಯನ್ನು ಮರಳಿ ತಂದವರು ಇಂಗ್ಲೆಂಡಿನ ವಾದ್ಯವೃಂದ ನಿರ್ದೇಶಕ ಜಾನ್ ವಿಲ್ಸನ್. ಚಿತ್ರಗಳ ಧ್ವನಿಯನ್ನು ತುಣುಕು ತುಣುಕಾಗಿ ಮತ್ತೆ ಮತ್ತೆ ಕೇಳಿ, ಮಾತು, ಮಳೆ, ಕುಣಿವ ಬೂಟಿನ ಸದ್ದುಗಳ ಅಡಿಯಲ್ಲಿ ಅಡಗಿದ್ದ ಪಿಟೀಲು, ಹಾರ್ಪು, ಕಹಳೆಗಳ ಸ್ವರ ಹೆಕ್ಕಿ ವರ್ಷಗಟ್ಟಲೆ ಬರೆದರು. 2009ರ ಆಗಸ್ಟ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ಸಂಜೆಯಲ್ಲಿ, ಅವರ ವಾದ್ಯವೃಂದ ಅದನ್ನು ನುಡಿಸಿತು. ಅಂದು ವಾದಕರ ಮುಂದಿದ್ದ ಹಾಳೆಗಳನ್ನು ಕಿವಿಯಿಂದ ಬರೆಯಲಾಗಿತ್ತು.