ಎಲೆಯೂ ಇಲ್ಲಿನದಲ್ಲ, ತಂಬಾಕೂ ಇಲ್ಲಿನದಲ್ಲ: ಕರಾವಳಿಯಲ್ಲಿ ಬೀಡಿ ಬೇರು ಬಿಟ್ಟಿದ್ದು ಹೇಗೆ?

ದಕ್ಷಿಣ ಕನ್ನಡ ಅಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಬ್ಯಾಂಕು, ಹೋಟೆಲು, ಮೆಡಿಕಲ್ ಕಾಲೇಜು. ತಪ್ಪೇನಿಲ್ಲ. ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಎರಡೂ 1906ರಲ್ಲಿ ಹುಟ್ಟಿದ್ದು ಆಗಿನ ಅವಿಭಜಿತ ಜಿಲ್ಲೆಯಲ್ಲೇ. ಆದರೆ ಬಂಟ್ವಾಳ, ಬೆಳ್ತಂಗಡಿ, ಪುತ್ತೂರು, ಮೂಡುಬಿದಿರೆ, ಕಾರ್ಕಳದ ಒಳಭಾಗಕ್ಕೆ ಹೋಗಿ ಐವತ್ತು ದಾಟಿದ ಹೆಂಗಸರನ್ನು ಕೇಳಿ ನೋಡಿ. ಬ್ಯಾಂಕಿನಲ್ಲಿ ಕೆಲಸ ಮಾಡಿದವರು ಒಬ್ಬಿಬ್ಬರು ಸಿಗಬಹುದು. ಬೀಡಿ ಕಟ್ಟಿದವರು ಮನೆಮನೆಗೆ ಸಿಗುತ್ತಾರೆ.

2011ರ ಜನಗಣತಿ ದುಡಿಯುವವರನ್ನು ನಾಲ್ಕು ಗುಂಪು ಮಾಡಿತ್ತು: ಬೇಸಾಯಗಾರರು, ಕೃಷಿ ಕೂಲಿಗಳು, ಮನೆ ಕೈಗಾರಿಕೆಯವರು, ಉಳಿದವರು. ಇಡೀ ದೇಶದಲ್ಲಿ ಈ ಮೂರನೇ ಗುಂಪಿನ ಪಾಲು 100ಕ್ಕೆ 3.8 ಮಾತ್ರ. ದಕ್ಷಿಣ ಕನ್ನಡದ ಹೆಂಗಸರ ಲೆಕ್ಕ ನೋಡಿದರೆ ಆ ಕಾಲಂ ದೇಶದ ಸರಾಸರಿಯನ್ನು ಎಲ್ಲೋ ಹಿಂದೆ ಬಿಟ್ಟಿದೆ. ಹಾಗಂತ ಇಲ್ಲಿ ಮಗ್ಗದ ಊರುಗಳು ಹೆಚ್ಚಿಲ್ಲ, ಗೊಂಬೆ ಮಾಡುವವರೂ ಇಲ್ಲ. ಅದು ಬೀಡಿಯ ಲೆಕ್ಕ.

ವಿಚಿತ್ರ ಏನಂದ್ರೆ, ಬೀಡಿಗೆ ಬೇಕಾದ ಒಂದೇ ಒಂದು ಮುಖ್ಯ ವಸ್ತುವಿಗೂ ಈ ಜಿಲ್ಲೆ ಹೆಸರಾಗಿಲ್ಲ. ಎಲೆ ಬರುವುದು ಮಧ್ಯಪ್ರದೇಶ, ಛತ್ತೀಸ್‌ಗಢ, ಒಡಿಶಾ, ಮಹಾರಾಷ್ಟ್ರದ ಕಾಡುಗಳಿಂದ. ಅಲ್ಲಿನ ಆದಿವಾಸಿಗಳು ಬೇಸಿಗೆಯಲ್ಲಿ ಕಿತ್ತು ಒಣಗಿಸಿ ಕಟ್ಟುವ ತೆಂಡು ಎಲೆ ಅದು. ತಂಬಾಕು ಬರುವುದು ಗುಜರಾತಿನಿಂದ, ನಮ್ಮದೇ ನಿಪ್ಪಾಣಿಯಿಂದ. ಮಧ್ಯಪ್ರದೇಶದ ಸಾಗರ, ಜಬಲ್ಪುರದ ಕಡೆ ಬೀಡಿ ಬೆಳೆದದ್ದಕ್ಕೆ ಅರ್ಥವಿದೆ, ಕಾಡು ಪಕ್ಕದಲ್ಲೇ ಇದೆ. ನಿಪ್ಪಾಣಿಯಲ್ಲಿ ಬೆಳೆದದ್ದಕ್ಕೂ ಅರ್ಥವಿದೆ, ತಂಬಾಕಿನ ಹೊಲ ಅಲ್ಲೇ ಇದೆ. ಮಂಗಳೂರಿಗೆ ಎರಡೂ ದೂರ. ಹಾಗಾದರೆ ಇಲ್ಲಿದ್ದದ್ದೇನು? ಕೈ. ಕಡಿಮೆ ಕೂಲಿಗೆ, ಮನೆಯಲ್ಲೇ ಕೂತು, ವರ್ಷವಿಡೀ ದುಡಿಯುವ ಕೈ.

ಆದರೆ ಆ ಕೈಗಳು ಶುರುವಿನಿಂದಲೂ ಮನೆಯಲ್ಲೇ ಕೂತಿರಲಿಲ್ಲ. ಅಲ್ಲೇ ಕಥೆ ಇರುವುದು.

ಬೀಡಿ ಒಂದು ವ್ಯಾಪಾರವಾಗಿ ಬೆಳೆದದ್ದು 1900ರ ಆಸುಪಾಸಿನಲ್ಲಿ, ಮಧ್ಯ ಭಾರತದಲ್ಲಿ, ಗುಜರಾತಿನಿಂದ ಹೋದ ವ್ಯಾಪಾರಿಗಳ ಕೈಯಲ್ಲಿ. ಸ್ವದೇಶಿ ಚಳವಳಿ ಬಂದಾಗ ವಿದೇಶಿ ಸಿಗರೇಟು ಬಿಟ್ಟವರು ಬೀಡಿ ಹಚ್ಚಿದರು, ದೇಶಪ್ರೇಮಕ್ಕೆ ಹೊಗೆಯ ರೂಪವೂ ಇತ್ತು ಅಂತಾಯಿತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಮಲಬಾರಿನ ಕಡೆಯಿಂದ, ಕಣ್ಣೂರು ಕಾಸರಗೋಡು ಹಾದು. ಮುಂದೆ 1930–40ರ ಹೊತ್ತಿಗೆ ಮಂಗಳೂರಿನ ಬೀಡಿ ಕಂಪನಿಗಳು ಬೇರೂರಿದವು. ಅದೇ ರೈಲು ದಾರಿಯ ಕಣ್ಣೂರಿಗೂ ಅವು ಕೈ ಚಾಚಿದವು. ಗಣೇಶ್ ಬೀಡಿ, ಭಾರತ್ ಬೀಡಿ ಹೆಸರುಗಳು ಕರಾವಳಿಯಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ.

ಕಣ್ಣೂರಿನ ಬೀಡಿ ಶೆಡ್‌ಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅಲ್ಲಿ ಗಂಡಸರು ಸಾಲಾಗಿ ಕೂತು ಬೀಡಿ ಕಟ್ಟುತ್ತಿದ್ದರು. ಕೆಲಸ ಕೈಯದ್ದು, ಕಿವಿ ಖಾಲಿ. ಹಾಗಾಗಿ ತಮ್ಮಲ್ಲೇ ಒಬ್ಬನನ್ನು ಪೇಪರ್ ಓದಲು ಕೂರಿಸುತ್ತಿದ್ದರು. ಅವನು ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಕೇಳುತ್ತಾ ಕಟ್ಟುತ್ತಿದ್ದರು. ಓದುವವನ ಆ ಹೊತ್ತಿನ ಕೂಲಿ ಹೋಗಬಾರದು ಅಂತ ಅವನ ಪಾಲಿನ ಬೀಡಿಯನ್ನೂ ಅವರೇ ಹಂಚಿಕೊಂಡು ಕಟ್ಟಿ ಕೊಡುತ್ತಿದ್ದರು. ಇಂಥ ಜಾಗದಲ್ಲಿ ಸಂಘಟನೆ ಹುಟ್ಟದೆ ಇರುತ್ತಾ? ಕಣ್ಣೂರಿನ ಎಡಪಕ್ಷದ ಬೇರುಗಳಲ್ಲಿ ಈ ಶೆಡ್‌ಗಳೂ ಒಂದು.

1966ರಲ್ಲಿ ಕೇಂದ್ರ ಸರ್ಕಾರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ತಂದಿತು. ಶೆಡ್‌ಗೆ ಲೈಸೆನ್ಸ್ ಬೇಕು, ಗಾಳಿ ಬೆಳಕು ಬೇಕು, ಕೆಲಸದ ಹೊತ್ತಿಗೆ ಮಿತಿ ಬೇಕು, ಸಂಬಳ ಸಹಿತ ರಜೆ ಬೇಕು. ಕಾಗದದಲ್ಲಿ ಒಳ್ಳೆಯ ಕಾಯ್ದೆ, ಇವತ್ತು ಓದಿದರೂ ಒಳ್ಳೆಯದೇ ಅನಿಸುತ್ತದೆ. ಆದರೆ ಜಾರಿ ಮಾಡುವುದು ರಾಜ್ಯಗಳ ಕೈಯಲ್ಲಿತ್ತು. ಕೇರಳದಲ್ಲಿ ಆಗ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರ. ಅವರು ಜಾರಿಗೆ ಹೊರಟರು. 1968ರಲ್ಲಿ ಗಣೇಶ್ ಬೀಡಿ ಕಂಪನಿ ಕಣ್ಣೂರಿನ ಕೆಲಸವನ್ನೇ ಮುಚ್ಚಿತು. ಸುಮಾರು 12,000 ಜನ ಒಂದೇ ಏಟಿಗೆ ಬೀದಿಗೆ ಬಿದ್ದರು.

ಅವರು ಸುಮ್ನೆ ಕೂರಲಿಲ್ಲ. 1969ರಲ್ಲಿ ಸರ್ಕಾರದ ನೆರವಿನಿಂದ ಕೇರಳ ದಿನೇಶ್ ಬೀಡಿ ಅನ್ನುವ ಸಹಕಾರಿ ಸಂಘ ಕಟ್ಟಿದರು. ಅದು ಬೆಳೆದು, ಒಂದು ಕಾಲಕ್ಕೆ 40,000 ಮೀರಿ ಕಾರ್ಮಿಕರಿದ್ದರು. ಬೀಡಿ ಇಳಿಮುಖವಾದಾಗ ಅದೇ ಸಂಘ ತೆಂಗಿನ ಹಾಲು, ಮಸಾಲೆ, ಕೊಡೆ ಮಾಡಲು ಹೊರಟಿತು. ಅದು ಬೇರೆಯೇ ದೊಡ್ಡ ಕಥೆ.

ನಮಗೆ ಬೇಕಾದದ್ದು ಗಡಿಯ ಈ ಕಡೆ. ಶೆಡ್ ಇಟ್ಟರೆ ಲೈಸೆನ್ಸು, ರಜೆ, ಯೂನಿಯನ್ನು. ಎಲೆ ತಂಬಾಕು ಕೊಟ್ಟು ಮನೆಗೆ ಕಳಿಸಿದರೆ? ಶೆಡ್ಡೇ ಬೇಡ. ಎಲೆ ನೆನೆಸುವ, ಕತ್ತರಿಸುವ ಕೆಲಸ ಮನೆಯಲ್ಲಿ ಮಾಡಬಹುದು ಅಂತ ಕಾಯ್ದೆಯೇ ಅವಕಾಶ ಕೊಟ್ಟಿತ್ತು. ಮನೆಯಲ್ಲಿ ಕಟ್ಟುವವರೂ ಕಾರ್ಮಿಕರೇ ಅಂತ ಅದೇ ಕಾಯ್ದೆ ಹೇಳಿತ್ತು ನಿಜ, ಆದರೆ ಸಾವಿರಾರು ಮನೆಯ ಜಗಲಿಗಳನ್ನು ಯಾವ ಇನ್‌ಸ್ಪೆಕ್ಟರ್ ಹೋಗಿ ನೋಡುತ್ತಾನೆ? ಕಂಪನಿಗಳು ಕಾಯ್ದೆಯನ್ನೇ ಕೋರ್ಟಿನಲ್ಲಿ ಪ್ರಶ್ನೆ ಮಾಡಿದವು. 1974ರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿ ಹಿಡಿಯಿತು. ಅಷ್ಟು ಹೊತ್ತಿಗೆ ಬೀಡಿ ಶೆಡ್ಡಿನಿಂದ ಜಗಲಿಗೆ ದಾಟಿಯಾಗಿತ್ತು, ಗಂಡಸಿನ ಕೈಯಿಂದ ಹೆಂಗಸಿನ ಕೈಗೂ. ಕಾರ್ಮಿಕರನ್ನು ಕಾಪಾಡಲು ಬಂದ ಕಾಯ್ದೆ ಕೆಲಸವನ್ನೇ ಕಣ್ಣಿಗೆ ಕಾಣದ ಕಡೆ ದೂಡಿತು ಅಂತ ನನ್ನ ಅಭಿಪ್ರಾಯ. ಕಾಯ್ದೆ ಬೇಡವಾಗಿತ್ತು ಅಂತಲ್ಲ. ಒಂದು ರಾಜ್ಯ ಗಟ್ಟಿಯಾಗಿ ಜಾರಿ ಮಾಡಿ ಪಕ್ಕದ ರಾಜ್ಯ ಮೆತ್ತಗಿದ್ದರೆ ಹೀಗೇ ಆಗುವುದು.

ಸರಿ, ಮನೆಗೆ ಕಳಿಸುವುದಾದರೆ ಬೇರೆ ಜಿಲ್ಲೆಯೂ ಆಗಬಹುದಿತ್ತಲ್ಲ, ಇಲ್ಲೇ ಯಾಕೆ ಇಷ್ಟು ಹರಡಿತು? ಕಂಪನಿಗಳು ಇಲ್ಲಿನವೇ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಊರಿನ ರೀತಿ. ಕರಾವಳಿಯಲ್ಲಿ ಬಯಲುಸೀಮೆಯ ಹಾಗೆ ಮನೆಗಳು ಒಟ್ಟಿಗೆ ಇರುವುದಿಲ್ಲ. ಗುಡ್ಡದ ಬುಡದಲ್ಲೊಂದು, ಗದ್ದೆಯ ಆಚೆಗೊಂದು. ಮಕ್ಕಳನ್ನು, ದನವನ್ನು ಬಿಟ್ಟು ದಿನಾ ಪೇಟೆಗೆ ಕೆಲಸಕ್ಕೆ ಹೋಗುವುದು ಸುಲಭವಲ್ಲ. ಮೇಲಿಂದ ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಳೆ. ನೇಜಿ (ಭತ್ತದ ಸಸಿ) ನೆಡುವ ದಿನಗಳು ಕಳೆದರೆ ಹೊರಗೆ ಕೂಲಿ ಸಿಗುವುದು ಕಷ್ಟ. ಬೀಡಿಗೆ ಮಳೆ ಇಲ್ಲ, ಬಿಸಿಲಿಲ್ಲ, ಸೂರಿನ ಕೆಳಗೆ ಚಾಪೆ ಹಾಕಿ ಕೂತರೆ ಆಯಿತು.

ಹೊರಗೆ ದುಡಿಯುವ ರೂಢಿ ಇಲ್ಲಿನ ಹೆಂಗಸರಿಗೆ ಹೊಸದೂ ಅಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನೇತ್ರಾವತಿ, ಗುರುಪುರ ಹೊಳೆಯ ದಂಡೆಯಲ್ಲಿ ಸಾಲು ಸಾಲು ಕಾರ್ಖಾನೆ ಎದ್ದವು. ಆಮೇಲೆ ಗೇರುಬೀಜದ ಕಾರ್ಖಾನೆಗಳು ಬಂದವು. ಅಲ್ಲೆಲ್ಲ ಹೆಂಗಸರು ದುಡಿದರು. ಆದರೆ ಕಾರ್ಖಾನೆಗೆ ಹತ್ತಿರ ಇದ್ದವರಿಗೆ ಮಾತ್ರ ಆ ಕೆಲಸ. ಬೀಡಿ ಹಾಗಲ್ಲ, ಎಲೆ ತಂಬಾಕು ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚ್ ಎಲ್ಲಿದೆಯೋ ಅಲ್ಲಿಗೆಲ್ಲ ಬಂತು. ಬಿಲ್ಲವರು, ಕುಲಾಲರು, ದಲಿತರು, ಬ್ಯಾರಿಗಳು, ಬಡ ಬಂಟರು, ಕ್ರಿಶ್ಚಿಯನ್ನರು, ಎಲ್ಲರ ಜಗಲಿಗೂ. ಹೆಣ್ಣುಮಕ್ಕಳು ಹೊರಗೆ ಹೋಗಿ ದುಡಿಯುವುದನ್ನು ಒಪ್ಪದ ಮನೆಗಳಲ್ಲೂ ಇದಕ್ಕೆ ತಕರಾರಿರಲಿಲ್ಲ.

ಇನ್ನೊಂದು ಮಾತು. ದೇವರಾಜ ಅರಸು ಕಾಲದ 1974ರ ಭೂಸುಧಾರಣೆ ಗೇಣಿದಾರರಿಗೆ ಭೂಮಿ ಕೊಟ್ಟದ್ದು ಈ ಜಿಲ್ಲೆಯಲ್ಲಿ ತುಂಬಾ ಗಟ್ಟಿಯಾಗಿ ನಡೆಯಿತು. ಭೂಮಿ ಸಿಕ್ಕಿತು, ಆದರೆ ಅನೇಕರಿಗೆ ಸಿಕ್ಕಿದ್ದು ತುಂಡು ಜಮೀನು. ಅಕ್ಕಿ ಗದ್ದೆಯಿಂದ ಬಂತು, ರೊಕ್ಕ ಬರಲಿಲ್ಲ. ಗಂಡಸರು ಮುಂಬಯಿ ಹೋಟೆಲಿಗೆ, ಆಮೇಲೆ ಗಲ್ಫಿಗೆ ಹೊರಟರು. 2011ರಲ್ಲೂ ಉಡುಪಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,094 ಹೆಂಗಸರು, ಅದರಲ್ಲಿ ಊರು ಬಿಟ್ಟವರ ನೆರಳಿದೆ. ಮನಿಯಾರ್ಡರ್ ಬರುವವರೆಗೆ ಕಾಯುವ ಮನೆಗೆ ವಾರ ವಾರ ಕೈಗೆ ಬರುವ ದುಡ್ಡು ಅಂದರೆ ಬೀಡಿಯದ್ದೇ.

ಕೆಲಸ ಹೇಗೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬ್ರಾಂಚಿನಿಂದ ಎಲೆ, ತಂಬಾಕು, ನೂಲು ತರಬೇಕು. ಎಲೆ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು, ಇಲ್ಲದಿದ್ದರೆ ಸುತ್ತುವಾಗ ಸೀಳುತ್ತದೆ. ಅಳತೆಯ ತಗಡು ಇಟ್ಟು ಕತ್ತರಿಯಿಂದ ಕತ್ತರಿಸಬೇಕು. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು, ಎಲೆಗೆ ಚಿಟಿಕೆ ತಂಬಾಕು ಹಾಕಿ, ಸುತ್ತಿ, ಬಾಯಿ ಮಡಚಿ, ನೂಲು ಕಟ್ಟಬೇಕು. 25ಕ್ಕೆ ಒಂದು ಕಟ್ಟು, 40 ಕಟ್ಟಿಗೆ ಸಾವಿರ. ಕೂಲಿ ಸಾವಿರದ ಲೆಕ್ಕದಲ್ಲಿ. ಚುರುಕಾದವರು ಬೆಳಗಿಂದ ರಾತ್ರಿವರೆಗೆ ಕೂತರೆ ದಿನಕ್ಕೆ ಸಾವಿರ ಆಗುತ್ತದೆ. ಅಡುಗೆ, ದನ, ಮಕ್ಕಳು ಎಲ್ಲ ಆಗಿ ಉಳಿದ ಹೊತ್ತಿನಲ್ಲಿ ಕಟ್ಟುವವರಿಗೆ ಅದರ ಅರ್ಧ ಆದರೆ ದೊಡ್ಡದು.

ಆಮೇಲೆ ಬ್ರಾಂಚಿನ ಮುಂದೆ ಸರದಿ. ಅಲ್ಲಿ ಕಟ್ಟು ಬಿಚ್ಚಿ ನೋಡಿ, ಸರಿ ಇಲ್ಲದ್ದನ್ನು ಪಕ್ಕಕ್ಕೆ ಎಸೆಯುತ್ತಾರೆ. ಎಸೆದ ಬೀಡಿಗೆ ಕೂಲಿ ಇಲ್ಲ. ಕೊಟ್ಟ ಎಲೆಯಲ್ಲಿ ತೂತು, ಹುಳುಕು ಜಾಸ್ತಿ ಇದ್ದು ಸಾವಿರಕ್ಕೆ ಸಾಲದೆ ಹೋದರೆ ಕೈಯಿಂದ ದುಡ್ಡು ಹಾಕಿ ಎಲೆ ತರಬೇಕು. ಈ ಎರಡು ವಿಷಯಕ್ಕೆ ಆದಷ್ಟು ಜಗಳ ಬೇರೆ ಯಾವುದಕ್ಕೂ ಆಗಿಲ್ಲ. ಎಷ್ಟು ಬೀಡಿ ತಿರಸ್ಕರಿಸಬಹುದು ಅನ್ನುವುದಕ್ಕೆ ನಿಯಮಗಳಲ್ಲೇ ಮಿತಿ ಇತ್ತು. ಆದರೆ ಕಂಪನಿ ಮತ್ತು ಹೆಂಗಸರ ನಡುವೆ ಕಂಟ್ರಾಕ್ಟರು ಕೂತಿದ್ದಾಗ ನಿಯಮ ತೋರಿಸುವುದು ಯಾರಿಗೆ?

ಮಕ್ಕಳ ಪಾಲು ಹೇಳದೆ ಈ ಕಥೆ ಪೂರ್ತಿಯಾಗುವುದಿಲ್ಲ. ಶಾಲೆಯಿಂದ ಬಂದು ನೂಲು ಕಟ್ಟಿ ಕೊಡುವುದು, ಬಾಯಿ ಮಡಚುವುದು, ಕಟ್ಟು ಎಣಿಸುವುದು ಆ ಕಾಲದ ಮಕ್ಕಳಿಗೆ ಮಾಮೂಲು. 1986ರ ಬಾಲಕಾರ್ಮಿಕ ಕಾಯ್ದೆ ಮಕ್ಕಳಿಗೆ ನಿಷೇಧಿಸಿದ ಕೆಲಸಗಳ ಪಟ್ಟಿಯಲ್ಲಿ ಬೀಡಿ ಕಟ್ಟುವುದೂ ಇತ್ತು. ಆದರೆ ಮನೆಯವರೇ ಸೇರಿ ನಡೆಸುವ ಕೆಲಸಕ್ಕೆ ಆ ನಿಷೇಧ ಅನ್ವಯಿಸುವುದಿಲ್ಲ ಅಂತ ವಿನಾಯಿತಿಯೂ ಇತ್ತು. ಬೀಡಿ ಕಟ್ಟಿದ ದುಡ್ಡಲ್ಲಿ ಮಕ್ಕಳು ಓದಿದರು ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ನಿಜವೇ, 2011ರಲ್ಲಿ ಜಿಲ್ಲೆಯ ಸಾಕ್ಷರತೆ 100ಕ್ಕೆ 88 ದಾಟಿತ್ತು. ಆ ಹೆಮ್ಮೆಯ ಜೊತೆಗೆ ಇದನ್ನೂ ನೆನಪಿಡಬೇಕು, ಆ ಓದಿನ ಖರ್ಚಿಗೆ ಮಕ್ಕಳೂ ಕೈ ಹಾಕಿದ್ದರು. ಮೂಗಿಗೆ ಹೋಗುವ ತಂಬಾಕಿನ ಧೂಳು, ಕೆಮ್ಮು, ಸೊಂಟ ನೋವು, ಮಂದವಾದ ಕಣ್ಣು, ಇವೆಲ್ಲ ಕೂಲಿಯ ಲೆಕ್ಕಕ್ಕೆ ಯಾವತ್ತೂ ಸೇರಲಿಲ್ಲ.

ಒಂದು ಒಳ್ಳೆಯ ವಿಷಯವೂ ಆಯಿತು, ಪಿಎಫ್. 1977ರಲ್ಲಿ ಬೀಡಿ ಉದ್ಯಮ ಭವಿಷ್ಯನಿಧಿ ಕಾಯ್ದೆಯ ಒಳಗೆ ಬಂತು. ಮನೆಯಲ್ಲಿ ಕಟ್ಟುವವರು ನಮ್ಮ ನೌಕರರೇ ಅಲ್ಲ ಅಂತ ಬೀಡಿ ಕಂಪನಿಗಳು ವಾದ ಹೂಡಿದವು. 1985ರಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ಬ್ರಾಂಚಿನಲ್ಲಿ ಬೀಡಿಯನ್ನು ನೋಡಿ ತಿರಸ್ಕರಿಸುವ ಹಕ್ಕು ಇದೆಯಲ್ಲ, ಅದೇ ನೀವು ಯಜಮಾನರು ಅನ್ನುವುದಕ್ಕೆ ಗುರುತು ಅಂದಿತು. ನನಗೆ ಇದು ತುಂಬಾ ಇಷ್ಟವಾದ ತೀರ್ಪು. ಹೆಂಗಸರು ಯಾವುದಕ್ಕೆ ಬೈದುಕೊಳ್ಳುತ್ತಿದ್ದರೋ ಅದೇ ಅವರ ಪರ ಸಾಕ್ಷಿ ಆಯಿತು. 1976ರ ಕಲ್ಯಾಣ ನಿಧಿ ಕಾಯ್ದೆಯಿಂದ ಆಸ್ಪತ್ರೆ, ಮನೆ ಕಟ್ಟಲು ನೆರವು, ಮಕ್ಕಳಿಗೆ ವಿದ್ಯಾರ್ಥಿವೇತನ ಬಂದವು. ಇದಕ್ಕೆಲ್ಲ ಎಐಟಿಯುಸಿ, ಸಿಐಟಿಯು ಮುಂತಾದ ಕಾರ್ಮಿಕ ಸಂಘಟನೆಗಳು ವರ್ಷಗಟ್ಟಲೆ ಬೀದಿಗಿಳಿದಿದ್ದವು. ಹೆಣ್ಣು ನೋಡಲು ಬಂದವರು ಬೀಡಿ ಕಟ್ಟಲು ಬರುತ್ತಾ ಅಂತ ವಿಚಾರಿಸುತ್ತಿದ್ದ ಕಾಲವೂ ಒಂದಿತ್ತು.

ಈಗ ಆ ಕಾಲ ಇಲ್ಲ. ಕಾರ್ಮಿಕ ಇಲಾಖೆಯ ಲೆಕ್ಕದಲ್ಲಿ ದೇಶದಲ್ಲಿ ಸುಮಾರು 50 ಲಕ್ಷ ನೋಂದಾಯಿತ ಬೀಡಿ ಕಾರ್ಮಿಕರಿದ್ದಾರೆ, ಅದರಲ್ಲಿ ದೊಡ್ಡ ಪಾಲು ಪಶ್ಚಿಮ ಬಂಗಾಳದ್ದು. 2003ರ ತಂಬಾಕು ನಿಯಂತ್ರಣ ಕಾಯ್ದೆ, 2016ರಲ್ಲಿ ಪ್ಯಾಕೆಟ್ಟಿನ 100ಕ್ಕೆ 85 ಭಾಗ ಎಚ್ಚರಿಕೆಯ ಚಿತ್ರ, 2017ರಲ್ಲಿ ಬೀಡಿಗೆ 100ಕ್ಕೆ 28 ಜಿಎಸ್‌ಟಿ, ಒಂದರ ಮೇಲೆ ಒಂದು ಬಂದವು. ಜಿಎಸ್‌ಟಿ ಬಂದಾಗ ಕಲ್ಯಾಣ ನಿಧಿಗೆ ಹೋಗುತ್ತಿದ್ದ ಸೆಸ್ ಕೂಡ ನಿಂತಿತು. ಆರೋಗ್ಯದ ದೃಷ್ಟಿಯಿಂದ ಬೀಡಿ ಕಡಿಮೆಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕರಾವಳಿಯಲ್ಲಿ ಕೈಗಳು ಕಡಿಮೆಯಾಗಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ: ಬೀಡಿ ಕಟ್ಟಿದವರ ಹೆಣ್ಣುಮಕ್ಕಳು ಬೀಡಿ ಕಟ್ಟುವುದಿಲ್ಲ. ಅವರು ನರ್ಸ್, ಟೀಚರ್, ಬಟ್ಟೆ ಅಂಗಡಿಯ ಸೇಲ್ಸ್, ಬೆಂಗಳೂರಿನ ಐಟಿ.

ಉಳಿದಿರುವುದು ಹೆಚ್ಚಾಗಿ ವಯಸ್ಸಾದವರು. ಬ್ರಾಂಚುಗಳಲ್ಲಿ ವಾರಕ್ಕೆ ಕೆಲವೇ ದಿನ ಕೆಲಸ. ಕನಿಷ್ಠ ಕೂಲಿ, ತುಟ್ಟಿಭತ್ಯೆಯ ಜಗಳ ಇನ್ನೂ ಮುಗಿದಿಲ್ಲ. 1995ರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ, 2014ರಲ್ಲಿ ನಿಗದಿ ಮಾಡಿದ್ದು. ಅದನ್ನು ಪಡೆಯಲಿಕ್ಕೂ ಪಿಎಫ್ ಪುಸ್ತಕದ ಹೆಸರು, ಹುಟ್ಟಿದ ದಿನ ಆಧಾರ್ ಕಾರ್ಡಿಗೆ ಹೊಂದಬೇಕು. ಮೂವತ್ತು ವರ್ಷದ ಹಿಂದೆ ಬ್ರಾಂಚಿನವರು ಬಾಯಲ್ಲಿ ಕೇಳಿ ಬರೆದುಕೊಂಡ ಹೆಸರು ಎಲ್ಲಿ ಹೊಂದುತ್ತದೆ? ನಿಮ್ಮ ಮನೆಯಲ್ಲಿ ಬೀಡಿ ಕಟ್ಟಿದ ಅಮ್ಮನೋ ದೊಡ್ಡಮ್ಮನೋ ಇದ್ದರೆ ಆ ಪುಸ್ತಕ ಹುಡುಕಿ, ಎರಡರಲ್ಲೂ ಹೆಸರು ಒಂದೇ ಇದೆಯಾ ಅಂತ ಈಗಲೇ ನೋಡಿ. ಇಲ್ಲದಿದ್ದರೆ ತಿದ್ದುಪಡಿಗೆ ಪಿಎಫ್ ಕಚೇರಿಗೆ ಅರ್ಜಿ ಕೊಡಿ.